ಕಸಬರಿಗೆಯ ಬೂದಿ

ಕಳೆದ ವಾರ ಲಿಂಗಸುಗೂರಿನ ನಮ್ಮ ಓಣಿಯಲ್ಲಿ ಯಾರೋ ಹಿತ್ತಲ ಕಸದೊಡನೆ ಒಣಗಿದ ಈಚಲ ಗರಿಗಳನ್ನೂ ಸುಟ್ಟರು. ಈಚಲು ಉರಿಯುವಾಗಿನ ವಾಸನೆ ಬೇರೆ ಸೊಪ್ಪಿನದರಂತಲ್ಲ. ಮೊದಲು ಕೊಂಚ ಸಿಹಿ, ಆಮೇಲೆ ಗಂಟಲು ಹಿಡಿಯುವ ಒಗರು... ಓದುತ್ತಿದ್ದ ಸಾಲಿನ ಮೇಲೆ ಬೆರಳಿಟ್ಟು ಹಾಗೇ ಕುಳಿತುಬಿಟ್ಟೆ. ಸಿಂಧನೂರಿನ ಆಚೆ, ದಢೇಸುಗೂರಿನ ಕಡೆಯ ಕಾಲುವೆ ದಂಡೆಯ ಚಿಕ್ಕ ಚರ್ಚು, ಅದರ ಅಂಗಳ, ನಿಲುವಂಗಿಯ ತೋಳು ಮಡಚಿಕೊಂಡು ಬೆಂಕಿಯ ಮುಂದೆ ಕುಕ್ಕರುಗಾಲಲ್ಲಿ ಕೂತ ಪಾದ್ರಿಗಳು ಕಣ್ಣಮುಂದೆ ಬಂದರು.

ಆಗ ನಾನು ಮಸ್ಕಿಯಲ್ಲಿದ್ದುಕೊಂಡು ಸುತ್ತಲಿನ ಶಾಸನಗಳ ಅಧ್ಯಯನ ಮಾಡುತ್ತಿದ್ದೆ. ಊರೆಲ್ಲ ಆ ಪಾದ್ರಿಗಳನ್ನು ಫಾದರ್ ಎನ್ನುತ್ತಿತ್ತು. ಅವರ ಕ್ರೈಸ್ತ ಸಭೆಗೆ ಸೇರದ ನಾನೂ ಹಾಗೇ ಕರೆದೆ. ಚರ್ಚಿನ ಬಾಗಿಲ ಪಕ್ಕದ ಹಲಗೆಯ ಮೇಲೆ ಅವರು ವಾರಕ್ಕೊಂದು ಚಿಂತನೆ ಬರೆದು ಅಂಟಿಸುತ್ತಿದ್ದರು. ಅದರಲ್ಲಿ ಪ್ರಾರ್ಥನೆಯ ವಿಚಾರವಿರುತ್ತಿತ್ತು, ಸಭೆಯವರ ಜಗಳವಿರುತ್ತಿತ್ತು, ಆ ವಾರದ ಪತ್ರಿಕೆಯ ಸುದ್ದಿಯೂ ಇರುತ್ತಿತ್ತು. ಹಳೆಯ ಸಂಗತಿಯೇನಾದರೂ ಬಂದರೆ ಅಂಟಿಸುವ ಮೊದಲು ನನಗೆ ತೋರಿಸುವರು. "ದೇವರ ವಿಷಯ ನಾ ನೋಡ್ಕೋತೀನಿ ಸರ್, ತಾರೀಖು ನೀವು ನೋಡ್ರಿ," ಎಂದು ನಗುವರು. ದೂರದ ಸೀಮೆಯಿಂದ ಬಂದವರಾದರೂ ಅವರ ನಾಲಿಗೆ ಈ ಕಡೆಯ ಮಾತಿಗೆ ಪೂರ್ತಿ ಒಗ್ಗಿಬಿಟ್ಟಿತ್ತು.

ಈಸ್ಟರ್ ಹಬ್ಬದ ಹಿಂದಿನ ವಾರ ಬರುವ ಗರಿಗಳ ಭಾನುವಾರದಂದು ಆಶೀರ್ವದಿಸಿದ ಈಚಲ ಗರಿಯನ್ನು ಸಭೆಯವರು ಮನೆಗೊಯ್ದು, ಗೋಡೆಯ ಶಿಲುಬೆಯ ಹಿಂದೆ ಸಿಕ್ಕಿಸಿಡುತ್ತಾರೆ. ಮರುವರ್ಷ ಈಸ್ಟರಿಗೆ ಮುಂಚಿನ ನಲವತ್ತು ದಿನದ ತಪಸ್ಸುಕಾಲ ಆರಂಭವಾಗುವ ಮುನ್ನ ಅದನ್ನು ಚರ್ಚಿಗೆ ಹಿಂದಿರುಗಿಸಬೇಕು. ಅವನ್ನು ಸುಟ್ಟು ಜರಡಿ ಹಿಡಿದ ಬೂದಿಯನ್ನೇ ಆ ಕಾಲದ ಮೊದಲ ದಿನವಾದ ವಿಭೂತಿ ಬುಧವಾರ ಎಲ್ಲರ ಹಣೆಗೆ ಹಚ್ಚುವುದು. ನಾನು ಹೇಳಹೊರಟಿರುವುದು ಅದರ ಹಿಂದಿನ ದಿನ, ಗರಿ ಸುಡುವ ಅಂಥ ಒಂದು ಮಂಗಳವಾರದ ಸಂಗತಿ. ಅದು ಸುಗ್ಗಿಯ ಕಾಲವೆಂದು ಬಹಳ ದಿನ ನಂಬಿದ್ದೆ. ಆದರೆ ಬಸ್ಸಿನಿಂದಿಳಿದಾಗ ಎರಡನೆಯ ಬೆಳೆಯ ಎಳೆಯ ಭತ್ತ ಹಸಿರಾಗಿ ನಿಂತಿದ್ದುದೂ ಕಾಲುವೆ ತುಂಬಿ ಹರಿಯುತ್ತಿದ್ದುದೂ ಸ್ಪಷ್ಟವಾಗಿ ನೆನಪಿದೆ. ಆದ್ದರಿಂದ ಸುಗ್ಗಿ ಎಂಬುದನ್ನು ಕೈಬಿಟ್ಟಿದ್ದೇನೆ.

ಅಂದು ಅಂಗಳದಲ್ಲಿ ಗರಿಗಳು ರಾಶಿಬಿದ್ದಿದ್ದವು. ಆಗ ಒಬ್ಬ ಮುದುಕಿ ಕೈಯಲ್ಲಿ ಕಸಬರಿಗೆ ಹಿಡಿದು ಬಂದಳು. ಹಿಂದೆ ಸೆರಗು ಬಾಯಿಗೊತ್ತಿಕೊಂಡ ಎಳೆಯ ಸೊಸೆ. ಆಕೆ ಹುಟ್ಟಿನಿಂದ ಸಭೆಯವಳಲ್ಲ. ಮಸ್ಕಿಯ ಕಡೆಯ ಮನೆತನದವಳು, ಮೆಚ್ಚಿ ಮದುವೆಯಾಗಿ ಬಂದವಳು.

"ನೋಡ್ರಿ ಫಾದರ್, ಹ್ವಾದ ವರ್ಷ ನನ್ನ ಗಂಡ ಕೈಯಾಗ ಹಿಡದ ಗರಿ! ಅದಾದ ಮ್ಯಾಲ ಅಂವ ಚರ್ಚಿಗೆ ಬರಲಿಲ್ಲ, ಮಣ್ಣಿಗೇ ಹ್ವಾದ. ಈಕಿ ಅದನ್ನ ಕಸಬರಿಗ್ಯಾಗ ಕಟ್ಟಿ ಕಸ ಹೊಡದಾಳ. ನಾಳೀಗೆ ಈಕೀನ್ನ ತವರಿಗೆ ಕಳಸ್ತೀನಿ. ನೀವ ಒಂದು ಮಾತು ಹೇಳಿಬಿಡ್ರಿ."

"ನಂಗೇನು ಗೊತ್ತ್ರಿ?" ಎಂದಳು ಸೊಸೆ. "ನಮ್ಮ ಮನ್ಯಾಗ ಈಚಲ ಗರಿ ಅಂದ್ರ ಕಸಬರಿಗೀನ. ಧೂಳು ಹಿಡದಿತ್ತು, ತಗದು ಕಟ್ಟೀನಿ."

"ಕೇಳಿದ್ರಿಲ್ಲೋ! ಧೂಳಂತ!"

ಆ ಮುದುಕಿಗೆ ಎದುರಾಡುವವರು ಊರಲ್ಲಿ ಕಡಿಮೆ. ಫಾದರ್ ಹೂಂ ಅಂದಿದ್ದರೆ ಆ ಹುಡುಗಿ ಮರುದಿನವೇ ಬಸ್ಸು ಹತ್ತಬೇಕಾಗುತ್ತಿತ್ತು. ಅವರು ಹೂಂ ಅನ್ನಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ಕಸಬರಿಗೆಯನ್ನು ಇಸಿದುಕೊಂಡು ನನ್ನ ಕಡೆ ಚಾಚಿದರು.

"ಸರ್, ನೀವು ಕಲ್ಲು ನೋಡಿ ವಯಸ್ಸು ಹೇಳೋರು. ಇದರಾಗ ಹಬ್ಬದ ಗರಿ ಯಾವುದು, ಹೊಲದ ಗರಿ ಯಾವುದು, ಆರಿಸಿ ಕೊಡ್ರಿ."

ಹಾಸ್ಯವೆಂದುಕೊಂಡೆ. ಅವರ ಮುಖ ಹಾಗೆ ಹೇಳಲಿಲ್ಲ. ಕಟ್ಟು ಬಿಚ್ಚಿ, ಗರಿಗಳನ್ನು ಕಟ್ಟೆಯ ಮೇಲೆ ಹರಡಿ, ಜೇಬಿನ ಭೂತಕನ್ನಡಿ ತೆಗೆದು ಒಂದೊಂದನ್ನೇ ನೋಡಿದೆ. ಅತ್ತೆ ಸೊಸೆ ಇಬ್ಬರೂ ನನ್ನ ಎರಡೂ ಬದಿಗೆ ಬಗ್ಗಿ ನಿಂತಿದ್ದರು. ಎಲ್ಲ ಗರಿಗಳೂ ಜಜ್ಜಿಸಿಕೊಂಡು, ಸೀಳಿ, ಒಂದೇ ಸಮನೆ ಸವೆದಿದ್ದವು.

"ಹೇಳಾಕ ಬರಂಗಿಲ್ಲ ಫಾದರ್," ಎಂದೆ.

"ಚಲೋ ಆತು. ಹಂಗಾರ ಎಲ್ಲಾನೂ ಹಬ್ಬದ್ದ. ಇಡೀ ಕಸಬರಿಗಿ ಸುಟ್ಟುಬಿಡಾಣ."

"ಕಸಬರಿಗಿ ಸುಡಬಾರದ್ರಿ!" ಎಂಬ ಕೂಗು ನನ್ನ ಎರಡೂ ಕಿವಿಗೆ ಏಕಕಾಲಕ್ಕೆ ಬಿತ್ತು. "ಲಕ್ಷ್ಮಿ ಅದು," ಎಂದಳು ಸೊಸೆ. "ಮನಿಗೆ ಚಲೋ ಅಲ್ಲ," ಎಂದಳು ಅತ್ತೆ. ಹೇಳಿದ ಮೇಲೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

ಫಾದರ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಏನಬೇ ಯಮ್ಮಾ, ಇಷ್ಟು ವರ್ಷ ಚರ್ಚಿನ್ಯಾಗ ನನ್ನ ಉಪದೇಶ ಕೇಳಿ ಕಡೀಗೆ ಸೊಸಿ ಕಡೀನ ನಿಂತೆಲ್ಲ!"

"ನಮ್ಮವ್ವ ಹೇಳತಿದ್ದಳ್ರಿ ಹಂಗ..." ಮುದುಕಿ ನಾಚಿದಳು.

"ನಮ್ಮವ್ವನೂ," ಎಂದಳು ಸೊಸೆ, ಮೆಲ್ಲಗೆ.

"ಕಟ್ಟು ಬಿಚ್ಚಿದ ಮ್ಯಾಲ ಇನ್ನೆಲ್ಲಿ ಕಸಬರಿಗಿ? ಬರೇ ಗರಿ," ಎಂದು ಫಾದರ್ ಅವನ್ನು ರಾಶಿಯ ಮೇಲೆ ಹಾಕಿ ಕಡ್ಡಿಪೆಟ್ಟಿಗೆ ತೆಗೆದರು. ಆಮೇಲೆ ಮುದುಕಿ ಫಾದರ್ ಕೈಯಿಂದ ಕಡ್ಡಿಪೆಟ್ಟಿಗೆ ತೆಗೆದುಕೊಂಡು ಸೊಸೆಯ ಅಂಗೈಯಲ್ಲಿಟ್ಟಳು. "ನೀನ ಹಚ್ಚು. ಕಡೀ ದಿನದಾಗ ನಿಮ್ಮ ಮಾವಗ ನೀರು ಕುಡಿಸಿದಾಕಿ ನೀನ ಅಲ್ಲೇನು..." ಎಂದವಳೇ ಅತ್ತುಬಿಟ್ಟಳು.

ಮರುದಿನ ಸಭೆಯ ಅಷ್ಟೂ ಹಣೆಗಳ ಮೇಲೆ ಆ ಕಸಬರಿಗೆಯ ಬೂದಿಯಿತ್ತು. ಬಾಗಿಲ ಹೊರಗೆ ನಿಂತಿದ್ದ ನನ್ನ ಹಣೆಗೂ ಫಾದರ್ ಬಟ್ಟಲಲ್ಲಿ ಉಳಿದಿದ್ದನ್ನು ಹೆಬ್ಬೆರಳಿನಿಂದ ಒತ್ತಿದರು. ಆ ದಿನಗಳಲ್ಲಿ ಪತ್ರಿಕೆಗಳ ತುಂಬ ಯಾರು ಇಲ್ಲಿಯವರು, ಯಾರು ಹೊರಗಿನವರು ಎಂಬ ವಾದ ನಡೆದಿತ್ತು. ಆ ವಾರದ ಹಲಗೆಯಲ್ಲಿ ಅವರು ಬರೆದದ್ದು ಚಿಕ್ಕದು: ತಿಳಿದವರೊಬ್ಬರು ಭೂತಕನ್ನಡಿ ಹಿಡಿದು ನೋಡಿದರೂ ಗರಿ ಗರಿಗೆ ಭೇದ ಕಾಣಲಿಲ್ಲ, ಅದನ್ನು ಕೇಳಿ ನನಗೆ ನೆಮ್ಮದಿಯಾಯಿತು ಎಂದು. ಅಂಟಿಸುವ ಮೊದಲು ಕಾಗದವನ್ನು ನನ್ನ ಕೈಗೆ ಕೊಟ್ಟು, "ಇದರಾಗ ತಾರೀಖಿಲ್ಲ ಸರ್. ಆದರೂ ನೋಡ್ರಿ," ಎಂದಿದ್ದರು.

ಕೆಲವು ವರ್ಷಗಳ ಮೇಲೆ ಅವರಿಗೆ ದೂರದ ಚರ್ಚಿಗೆ ವರ್ಗವಾಯಿತು. ಮೊದಮೊದಲು ಫೋನ್ ಮಾಡುತ್ತಿದ್ದರು, ಆಮೇಲೆ ಹಬ್ಬಕ್ಕೊಮ್ಮೆ, ಆಮೇಲೆ... ಕಳೆದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಆ ಸೊಸೆಯ ಫೋನ್ ಬಂತು. "ಫಾದರ್ ತೀರಿಕೊಂಡ್ರಂತ್ರೀ ಸರ್. ಅತ್ತಿ ಒಂದ ಸಮನ ಅಳಾಕತ್ತಾರ. ನಿನ್ನಿಯಿಂದ ಉಂಡಿಲ್ಲ. ನಾನೂ ಉಂಡಿಲ್ಲ." ಹಿಂದಿನಿಂದ ಮುದುಕಿಯ ದನಿ ಕೇಳುತ್ತಿತ್ತು: "ಸರ್‌ಗೆ ಸರಿಯಾಗಿ ಹೇಳಬೇ, ಯಾವ ದಿನ ಅಂತ ಹೇಳು, ಅವರಿಗೆ ದಿನ ಬೇಕು." ಆಕೆ ದಿನ ಹೇಳಿದಳು.

ಎರಡು ಬೇರೆ ಬೇರೆ ಆಧಾರಗಳು ಸಿಗದ ಹೊರತು ಯಾವ ದಿನಾಂಕವನ್ನೂ ಒಪ್ಪಬಾರದೆಂಬುದು ನಾನು ವೃತ್ತಿಯುದ್ದಕ್ಕೂ ಪಾಲಿಸಿದ ನಿಯಮ. ಫಾದರ್ ತೀರಿಕೊಂಡ ದಿನಕ್ಕೆ ನನ್ನಲ್ಲಿರುವುದು ಒಂದೇ, ಆ ಮನೆಯಿಂದ ಬಂದ ಮಾತು. ಎರಡನೆಯದನ್ನು ಹುಡುಕುವುದು ಕಷ್ಟವೇನಲ್ಲ, ಅವರ ಕೊನೆಯ ಚರ್ಚಿಗೆ ಒಂದು ಫೋನ್ ಮಾಡಿದರೆ ಸಾಕು. ಈವರೆಗೆ ಮಾಡಿಲ್ಲ.