ಕಂಪೌಂಡರ್ ಕಾದರನ ಆರು ವಾರ

ಕಾದರ ಇಲ್ಲ ಎಂದು ಬರೆದೆ...
ಓದಿದೆ. ಹೊಡೆದು ಹಾಕಿದೆ.
ಮತ್ತೆ ಅದನ್ನೇ ಬರೆಯಬೇಕಾಯಿತು.

ಗೆಳೆಯರೇ,
ನಮ್ಮ ಓದುವ ಬಳಗದ ಕಾದರ, ಗಂಗಾವತಿ ದವಾಖಾನೆಯ ಕಂಪೌಂಡರ್, ನಿನ್ನೆ ಸಂಜೆ ತೀರಿಕೊಂಡ.

ಇಂದು ಮುಂಜಾನೆ ಮೊದಲ ಬಸ್ಸಿನ ಡ್ರೈವರ್ ಕೊಪ್ಪಳಕ್ಕೆ ಸುದ್ದಿ ತಂದ.
"ಯಾವ ಕಾದರ?" ಎಂದು ಕೇಳಿದೆ.
"ಪುಸ್ತಕದ ಕಾದರಸಾಬ್ರಿ, ಮಾಸ್ತರ. ನಿಮ್ಮ ಗಂಟು ನನ್ನ ಬಸ್ಸಿನ್ಯಾಗ ಹೋಗೂದಲ್ರೀ..."
ಅದೇ ಬಸ್ಸು ತಿರುಗಿ ಹೊರಟಾಗ ಹತ್ತಿದೆ.

ಮಧ್ಯಾಹ್ನ ಮಣ್ಣು ಕೊಟ್ಟೆವು. ಈಗ ಗಂಗಾವತಿಯ ಬಸ್ ಸ್ಟ್ಯಾಂಡಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ.
ಈ ನೋಟುಬುಕ್ಕು ಯಾವಾಗಲೂ ಅನುವಾದದ ಕಾದಂಬರಿಗಳ ಜೊತೆ ನಿಮ್ಮೂರಿಗೆ ಬರುತ್ತಿತ್ತು. ಕುಷ್ಟಗಿಯವರು, ಯಲಬುರ್ಗಾದವರು ಓದಿ, ಅಭಿಪ್ರಾಯ ಬರೆದು, ಮುಂದಕ್ಕೆ ಕಳಿಸುತ್ತಿದ್ದಿರಿ.
ಈ ಸಲ ನೋಟುಬುಕ್ಕು ಮಾತ್ರ ಬರುತ್ತದೆ...

ಎರಡು ಪುಟ ಹಿಂದೆ ತಿರುವಿ ನೋಡಿ.
ಅಂಚಿನಲ್ಲಿ ಕಾದರ ಪೆನ್ಸಿಲಿನಿಂದ ಎಳೆದ ಗೆರೆ ಇದೆ. ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ.
ಕೆಳಗೆ ಕುಷ್ಟಗಿಯವರು "ಇದು ಆನೆಗೊಂದಿಯ ಗುಡ್ಡವೇ?" ಎಂದು ಬರೆದಿದ್ದೀರಿ.
ಅಲ್ಲ. ಅದು ಅವನ ಹೃದಯ.

ಸುಮಾರು ಐದು ವಾರದ ಹಿಂದೆ, ದವಾಖಾನೆಯಲ್ಲಿ ಔಷಧಿಯ ಮಿಕ್ಸ್ಚರ್ ಕಲಸುತ್ತಿದ್ದವನು ಎದೆ ಹಿಡಿದುಕೊಂಡು ಕೂತನಂತೆ. ಇಲ್ಲಿಯ ಡಾಕ್ಟರರ ಹತ್ತಿರ ಸ್ಟೆತಾಸ್ಕೋಪು ಇದೆ, ಬ್ಲಡ್ ಪ್ರೆಶರ್ ನೋಡುವ ಪಟ್ಟಿ ಇದೆ. ಅಷ್ಟೇ. ಹೈದರಾಬಾದಿಗೆ ಕಳಿಸಿದರು.
ಅಲ್ಲಿ ಎಕ್ಸರೇ ತೆಗೆದು ಹೃದಯದ ಗಾತ್ರ ನೋಡಿದರು. ಆಮೇಲೆ ಅದರ ಬಡಿತವನ್ನು ಗೆರೆಯಾಗಿ ಬರೆಯುವ ಮಷಿನ್.

"ಮುಂಗೈಗೆ, ಎಡಗಾಲಿಗೆ ಉಪ್ಪುನೀರಿನ ಬಟ್ಟಿ ಸುತ್ತಿ, ಮ್ಯಾಲೆ ತಗಡು ಕಟ್ಟಿ, ವಾಯರ್ ಹಚ್ಚಿದ್ರು," ಎಂದು ಹೇಳಿದ್ದ. "ಉಪ್ಪಿನಕಾಯಿ ಹಾಕ್ತೀರೇನ್ರೀ ಸಾಹೇಬ್ರ ಅಂದೆ. ನಕ್ಕರ ಗೆರಿ ನಡಗತೈತಿ, ಸುಮ್ನ ಬೀಳು ಅಂದ್ರು."

ಗೆರೆಯಲ್ಲಿ ಪೆಟ್ಟು ಕಂಡಿತು.
ಆರು ವಾರ ಬೆಡ್ ರೆಸ್ಟ್. ಹೃದಯದ ಗಾಯ ಮಾಯಲು ಅಷ್ಟು ದಿನ ಬೇಕು, ಅಲ್ಲಿಯವರೆಗೆ ಏಳಬಾರದು, ಎದ್ದರೆ ಜೀವಕ್ಕೇ ಅಪಾಯ ಎಂದರು.
ಎರಡು ವಾರ ಅಲ್ಲೇ ಮಲಗಿದ್ದ. ಉಳಿದ ನಾಲ್ಕು ವಾರಕ್ಕೆ ಮನೆಗೆ ಕರೆತಂದರು.

ಕಾದರ... ಇನ್ನು ನಿನ್ನ ಜೊತೆಗೇ ಮಾತಾಡುತ್ತೇನೆ.

ನಾಯಕ ಎದೆಯೊಡೆದು ಸತ್ತ ಕಾದಂಬರಿಯ ಬಗ್ಗೆ ನೀನು ಇದೇ ನೋಟುಬುಕ್ಕಿನಲ್ಲಿ ಬರೆದಿದ್ದೆ: "ಎಷ್ಟು ದಿನ ಮಲಗಿಸಿದ್ದರು ಎಂಬುದನ್ನು ಲೇಖಕರು ತಿಳಿಸಿಲ್ಲ."
ಬೇನೆ ಬಿದ್ದವರು ಮಾತಾಡಿಸಲು ಬಂದವರಿಗಾಗಿ ಎದ್ದು ಕೂರುವುದನ್ನು ಕಂಡರೆ ನಿನಗೆ ಆಗುತ್ತಿರಲಿಲ್ಲ. ಭುಜ ಒತ್ತಿ ಮಲಗಿಸುತ್ತಿದ್ದೆ.
ಈಗ ನಿನ್ನ ಸರದಿ. ನೀನು ಗುಣಪಡಿಸಿದವರೆಲ್ಲ ನಿನ್ನ ಬಾಗಿಲಿಗೆ ಬರತೊಡಗಿದರು.

ಕಳೆದ ಭಾನುವಾರ ನಾನು ಬಂದಾಗ ನೀನು ಏಳಲಿಲ್ಲ. ಖುಷಿಯಾಯಿತು.
"ಜುಬೇದಾ ದಿನಾ ಬಾಗಿಲಾಗ ನಿಂತು ಎಲ್ಲಾರಿಗೂ ಹೇಳಿ ಹೇಳಿ ಸಾಕಾಗ್ಯಾಳ," ಹೆಂಡತಿಯ ಕಡೆ ನೋಡಿ ನೀನು ಅಂದೆ. "ಒಂದು ಬೋರ್ಡ್ ಬರದು ಕೊಡು ಮಾಸ್ತರ. ಸಲಾಂ, ನಮಸ್ಕಾರ ಏನೂ ಬ್ಯಾಡ ಅಂತ ಬರಿ. ಅವ್ರು ಬಗ್ಗಿದ್ರ ನನ್ನ ಮೈ ತಾನಾ ಏಳತೈತಿ."

ಬರೆದೆ. "ಒಳಗೆ ಬನ್ನಿ. ಕೂಡ್ರಿ. ನಮಸ್ಕಾರ ಬೇಡ. ಕಾದರಸಾಬರು ಏಳುವಂತಿಲ್ಲ, ತಪ್ಪು ತಿಳಿಯಬಾರದು."
ಕನ್ನಡದಲ್ಲಿ ನಾನು. ಉರ್ದುವಿನಲ್ಲಿ ನೀನು, ಮಲಗಿಕೊಂಡೇ.
ಅಲ್ಪವಿರಾಮ ಸರಿಯಾಗಿದೆಯೇ ಎಂದು ನಾನು ಎರಡು ಸಲ ನೋಡಿ ಬಾಗಿಲಿಗೆ ತೂಗುಹಾಕಿದೆ...

ನಿನ್ನೆ ಆನೆಗೊಂದಿಯಿಂದ ಹುಲಿಗೆವ್ವ ಬಂದಿದ್ದಳು. ಬಾಳೆಹಣ್ಣು ಮಾರುವ ಮುದುಕಿ. ಮೂರು ವರ್ಷದ ಹಿಂದೆ ಅವಳ ಕಾಲು ಬಾತು, ಉಸಿರು ಕಟ್ಟಿದಾಗ ನೀನು ಔಷಧಿ ಕುಡಿಸಿ ಉಳಿಸಿದ್ದೆ.
ಬೋರ್ಡು ಇದೆಯಲ್ಲ ಎಂದು ಜುಬೇದಾ ನೀರಿಗೆ ಹೋಗಿದ್ದರು.

ಇಂದು ಆ ಮುದುಕಿ ನಿನ್ನ ಮನೆಯ ಕಟ್ಟೆಯ ಮೇಲೆ ಕೂತಿದ್ದಳು. ನನ್ನನ್ನು ನೋಡಿ ತಾನೇ ಹೇಳಿದಳು.
"ಹಲಗಿ ನೋಡಿದ್ನಿರಿ... ದವಾಖಾನಿದು ಏನರ ಇರಬೇಕು ಅಂದ್ಕೊಂಡೆ. ಒಳಗ ಹೋಗಿ ಕಾಲಿಗೆ ಬಗ್ಗಿದ್ನಿ. 'ಅವ್ವಾ, ಬ್ಯಾಡ' ಅಂತ ಜಿಗದು ಎದ್ದ, ನನ್ನ ಕೈ ಹಿಡದ... ಹಂಗ ಕುಸದ. ಏಳಬ್ಯಾಡ ಅಂತ ನನಗ ಬೈದು ಬೈದು ಮಲಗಿಸಿದಾಂವ ರೀ ಅಂವ."

ಬೋರ್ಡಿನ ಕಡೆ ಕೈ ತೋರಿಸಿ ಕೇಳಿದಳು:
"ಏನು ಬರದೀರಿ ಅದರಾಗ?"
ಓದಿ ಹೇಳಿದೆ.
"ಯಾರರ ಬಾಯ್ಲೆ ಹೇಳಿದ್ರ ಆಗ್ತಿತ್ತಲ್ರೀ ಯಪ್ಪಾ..."

ಹೌದು, ಆಗುತ್ತಿತ್ತು.
ನಿನ್ನ ಬಾಗಿಲಿಗೆ ಬರುವವರಲ್ಲಿ ಓದು ಬರುವವರು ಎಷ್ಟು ಮಂದಿ ಎಂದು ನಾನು ಕೇಳಲಿಲ್ಲ. ನೀನೂ ಯೋಚಿಸಲಿಲ್ಲ. ಓದುವವರ ನಡುವೆಯೇ ಇದ್ದು ನಮಗೆ ಹಾಗಾಯಿತು.
ತಪ್ಪು ಹುಲಿಗೆವ್ವನದಲ್ಲ. ಅವಳಿಗೆ ಅದನ್ನೇ ಹೇಳಿದೆ. ಈ ಸಲ ಬಾಯಿಯಿಂದ.

ಆರು ವಾರ ಮುಗಿಯಲು ಇನ್ನೊಂದು ವಾರ, ಮೇಲೆರಡು ದಿನ ಉಳಿದಿತ್ತು.

ಬೋರ್ಡು ತೆಗೆದುಕೊಂಡು ಬಂದಿದ್ದೇನೆ. ಪಕ್ಕದಲ್ಲಿದೆ. ಬಸ್ಸು ಬರುವ ಹೊತ್ತಾಯಿತು...

ಕಾದರ,
ಇನ್ನು ಯಾರು ಬಂದರೂ, ಎಷ್ಟು ಬಗ್ಗಿದರೂ...
ಏಳಬೇಡ.
ನೆಮ್ಮದಿಯಿಂದ ಮಲಗಿರು.