ಕಪ್ಪು ಚೌಕದೊಳಗಿನ ಮೇಡಮ್ಮು

"ಆ ಕಪ್ಪು ಚೌಕದೊಳಗೆ ಅವ್ರಲ್ಲಾ ಮೇಡಮ್ಮು, ಅವ್ರು ಮನೇಲಿ ಒಬ್ರೇನಾ?"

ಕಳೆದ ವಾರ ಶನಿವಾರಸಂತೆ ಊರಿನ ಅಜ್ಜಿಯೊಬ್ಬರು ಹೀಗೆ ಕೇಳಿಬಿಟ್ಟರು. ಚೌಕದೊಳಗೆ ಕೂತಿದ್ದವಳು ನಾನೇ!

ನನ್ನ ಕೆಲಸ ಏನೆಂದು ಹೇಳಿಬಿಡುತ್ತೇನೆ. ಮನೆಮಂದಿಯ ಮುನಿಸು ಬಿಡಿಸುವ ಫ್ಯಾಮಿಲಿ ಥೆರಪಿಸ್ಟ್‌ಗಳಿಗೆ ಕಾಫಿ ತೋಟಗಳ ನಡುವಿನ ಬಿಟ್ಟಂಗಾಲ ಊರಿನ ನನ್ನ ಮನೆಯಿಂದಲೇ ಆನ್‌ಲೈನ್ ತರಬೇತಿ (ನೆಟ್‌ವರ್ಕ್ ಕೃಪೆ ತೋರಿದರೆ). ಅವರು ಕುಟುಂಬದ ಜೊತೆ ಮಾತಾಡುವಾಗ ಲ್ಯಾಪ್‌ಟಾಪ್‌ನಲ್ಲಿ ನಾನೂ ಇರುತ್ತೇನೆ. ಮೊದಲು ಮುಖ ತೋರಿಸಿ, ಎಲ್ಲರ ಒಪ್ಪಿಗೆ ಕೇಳಿ, ಆಮೇಲೆ ಕ್ಯಾಮೆರಾ ಆಫ್, ಮೈಕ್ ಆಫ್; ಪರದೆ ಮೇಲೆ ನಾನು ಬರೀ ಕಪ್ಪು ಚೌಕ. ಏನು ಹೇಳುವುದಿದ್ದರೂ ಥೆರಪಿಸ್ಟ್ ಮೊಬೈಲ್‌ಗೆ ಮೆಸೇಜ್. ಇದ್ದೂ ಇಲ್ಲದಂತಿರುವುದೇ ನನ್ನ ಕಸುಬು.

ಅಂದು ನನ್ನ ಶಿಷ್ಯೆ ಕವಿತಾ ಅಜ್ಜಿಯ ಮನೆಯಲ್ಲಿದ್ದಳು. ಅತ್ತೆ ಸೊಸೆಗೆ ಮಾತು ನಿಂತು ತಿಂಗಳುಗಳಾಗಿದ್ದವು. ಸೊಸೆ ತವರಿಗೆ ಹೊರಡಲು ಬ್ಯಾಗ್ ತುಂಬಿಟ್ಟಿದ್ದಳು. ಕವಿತಾ ಏನು ಕೇಳಿದರೂ ಅಜ್ಜಿ ತುಟಿ ಬಿಚ್ಚಲಿಲ್ಲ. ಬಿಚ್ಚಿದಾಗ ಕೇಳಿದ್ದು ನನ್ನ ವಿಷಯ!

ಕವಿತಾ ತಬ್ಬಿಬ್ಬಾದಳು. ನಾನು ನಮ್ಮ ಕಸುಬಿನ ಹಳೇ ವಿದ್ಯೆ ತೆಗೆದು ಮೆಸೇಜ್ ಹಾಕಿದೆ: 'ಉತ್ತರ ಕೊಡಬೇಡ. ಯಾಕೆ ಕೇಳಿದಿರಿ ಅಂತ ಕೇಳು.'

"ಯಾಕಜ್ಜಿ ಕೇಳಿದ್ರಿ?" ಎಂದಳು ಕವಿತಾ.

"ಒಬ್ರೇ ಕೂತ್ಕಂಡ್ ಉಣ್ಣದು ಎಂಥ ಸಂಕಟ ಅಂತ ನಂಗೊತ್ತು ಕಣವ್ವ. ಮನೆ ತುಂಬ ಜನ ಇದ್ರೂ ನಾನ್ ಉಣ್ಣದು ಒಬ್ಳೇ."

ಸೊಸೆ ತಲೆ ಎತ್ತಿದಳು. "ಮೊದ್ಲೇ ಉಂಡು ಮಲಗ್ತೀನಿ ಅಂದಿದ್ದು ನೀವೇ ಅಲ್ವಾ ಅತ್ತೆ?"

"ನೀನು ಒಂದ್ಸಲನಾದ್ರೂ ಕರುದ್ಯಾ?"

"ಕರೆದ್ರೆ ಎಲ್ಲಿ ಬೈತೀರೋ ಅಂತ..."

ಜಗಳವೇ ಅನ್ನಿ. ಆದರೂ ಮಾತು ತಾನೇ? ನಾನು ಮೊಬೈಲ್ ಪಕ್ಕಕ್ಕಿಟ್ಟೆ. ಕೊನೆಗೆ ಸೊಸೆ ಅಡುಗೆಮನೆಗೆ ಎದ್ದಳು. "ಕಾಯಿ ನಾನ್ ತುರ್ಕೊಡ್ತೀನಿ" ಎನ್ನುತ್ತಾ ಅಜ್ಜಿ ಹಿಂದೆಯೇ ಹೋದರು.

"ಮೇಡಂ, ನಿಮ್ಮ ಪ್ರಶ್ನೆ ವರ್ಕ್ ಆಯ್ತು! ಥ್ಯಾಂಕ್ಸ್ ಮೇಡಂ!" ಎಂದು ಕವಿತಾ ಕಾಲ್ ಕಟ್ ಮಾಡಿದಳು.

ಖುಷಿಯಾಯಿತು. ಬೆಳಗಿನ ಸಾರು ಬಿಸಿ ಮಾಡಿಕೊಂಡು ಅದೇ ಲ್ಯಾಪ್‌ಟಾಪ್ ಮುಂದೆ ಕೂತೆ. ನಮ್ಮ ಯಜಮಾನರು ತೀರಿಹೋದ ಮೇಲೆ ಊಟದ ಟೇಬಲ್ಲೇ ನನ್ನ ಆಫೀಸು. ಪಕ್ಕದ ಎಸ್ಟೇಟಿನ ಕೂಲಿಯವರ ಲೈನ್‌ಮನೆಗಳಿಂದ, ಕಾಫಿ ಹಣ್ಣಿನ ಪಿಕಿಂಗ್ ಮುಗಿಸಿ ಬಂದವರ ನಗು ಕೇಳುತ್ತಿತ್ತು. ಊರವರ ಮನೆಯನ್ನೆಲ್ಲ ಒಂದು ಮಾಡುವ ನನಗೆ ಒಂಟಿತನ ಅನ್ನಲು ನಾಚಿಕೆ ಯಾಕೆ? ತುಂಬಾ ಒಂಟಿ ಅನ್ನಿಸಿತು.

ಕ್ಯಾಮೆರಾ ಆನ್ ಮಾಡಿ 'ಹೌದಜ್ಜಿ, ಒಬ್ಬಳೇ' ಅಂದಿದ್ದರೆ, ಅಜ್ಜಿ ನನ್ನನ್ನೂ ಊಟಕ್ಕೆ ಕರೆಯುತ್ತಿದ್ದರೇನೋ, ಅಲ್ಲವೇ?