ಖಾಲಿ ಬಿಟ್ಟ ಎಡಮೂಲೆ

ಇದನ್ನು ಮೊದಲೂ ಬರೆಯಲು ಕೂತಿದ್ದೆ. ಪ್ರತಿ ಸಲವೂ ಏನೋ ಒಂದು ಬದಲಾಗುತ್ತಿತ್ತು. ಒಮ್ಮೆ ಆ ರಾತ್ರಿ ಗಾಳಿ ಬೀಸುತ್ತಿತ್ತು ಎಂದು ಬರೆದೆ, ಇನ್ನೊಮ್ಮೆ ಒಂದು ಎಲೆಯೂ ಅಲುಗಿರಲಿಲ್ಲ ಎಂದು ಬರೆದೆ. ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಆದರೆ ಕತ್ತಲಲ್ಲಿ ಒಂದು ಕೈ ಬಂದು ನನ್ನ ಎಡಗೈ ಹಿಡಿದದ್ದು ಮಾತ್ರ ಯಾವ ಸಲ ಬರೆದರೂ ಹಾಗೆಯೇ ಉಳಿದಿದೆ. ಅದು ನಡೆದದ್ದು. ಅದರ ಬಗ್ಗೆ ನನ್ನೊಡನೆ ಯಾರೂ ವಾದ ಮಾಡಬೇಡಿ. ವಾದವನ್ನೆಲ್ಲ ನಾನೇ ಮಾಡಿ ಸೋತಿದ್ದೇನೆ.

ನಾನು ಹೊಸಪೇಟೆಯವನು, ಭೌತಶಾಸ್ತ್ರ ಓದಿದವನು. ನಮ್ಮ ವಿಶ್ವವಿದ್ಯಾಲಯದ ಕ್ಯಾಂಪಸ್ಸು ಊರಿನಿಂದ ದೂರ, ಬಂಡೆಗುಡ್ಡಗಳ ನಡುವೆ. ಹಗಲೆಲ್ಲ ಕಾದ ಬಂಡೆಗಳು ಕತ್ತಲಾದ ಮೇಲೂ ಬಿಸಿ ಉಗುಳುತ್ತಿದ್ದವು. ಹಾಗಾಗಿ ನಮ್ಮ ಕಬಡ್ಡಿ ಪ್ರಾಕ್ಟೀಸು ಶುರುವಾಗುತ್ತಿದ್ದದ್ದೇ ಹೊತ್ತು ಮುಳುಗಿದ ಮೇಲೆ, ಎರಡು ಫ್ಲಡ್‌ಲೈಟಿನ ಕೆಳಗೆ. ಮ್ಯಾಟ್ ಇರಲಿಲ್ಲ. ಸಂಡೂರು ಕಡೆಯಿಂದ ತಂದು ಹಾಕಿದ ಕೆಂಪು ಮಣ್ಣಿನ ಅಂಗಳ. ಎಷ್ಟು ತಿಕ್ಕಿದರೂ ಸಾಕ್ಸಿನ ಕೆಂಪು ಹೋಗುತ್ತಿರಲಿಲ್ಲ.

ಕಬಡ್ಡಿಯಲ್ಲಿ ಹಿಡಿಯುವ ಕಡೆಯವರು ಜೋಡಿ ಜೋಡಿಯಾಗಿ ಕೈ ಹಿಡಿದು ನಿಲ್ಲುತ್ತಾರೆ. ಎಡತುದಿಯಲ್ಲಿ, ಗೆರೆಯ ಪಕ್ಕ ನಿಲ್ಲುವವನು ಲೆಫ್ಟ್ ಕಾರ್ನರ್. ನಮ್ಮ ತಂಡದಲ್ಲಿ ಅದು ಹುಲುಗಪ್ಪ. ಅವನ ಬಲಗಡೆ ನಾನು. ಅವನ ಬಲಗೈ, ನನ್ನ ಎಡಗೈ... ಎರಡು ವರ್ಷದ ಜೋಡಿ ನಮ್ಮದು. ಎದುರಾಳಿ ಒಳಗೆ ಬಂದಾಗ ಬಾಯಿ ಬಿಟ್ಟರೆ ಅವನಿಗೂ ಕೇಳುತ್ತದಲ್ಲ, ಅದಕ್ಕೆ ಕೈಯಲ್ಲೇ ಮಾತು. ಹುಲುಗಪ್ಪ ಒಮ್ಮೆ ಒತ್ತಿದರೆ 'ತಡಿ' ಅಂತ. ಎರಡು ಸಲ ಒತ್ತಿದರೆ 'ನಾನು ಅವನ ಕಾಲಿಗೆ ಬಿದ್ದು ಹಿಡಿಯುತ್ತೇನೆ' ಅಂತ.

ಅವನು ಕಂಪ್ಲಿ ತಾಲ್ಲೂಕಿನ ಮೆಟ್ರಿಯವನು. ತಂದೆ ಇಲ್ಲ, ತಾಯಿ ಗದ್ದೆ ಕೂಲಿಗೆ ಹೋಗುತ್ತಿದ್ದರು. ಆ ಸಲದ ಅಂತರ ವಿಶ್ವವಿದ್ಯಾಲಯ ಪಂದ್ಯದಲ್ಲಿ ಆಡಿದರೆ ಒಂದು ಸರ್ಟಿಫಿಕೇಟು ಸಿಗುತ್ತಿತ್ತು. ಅದಿದ್ದರೆ ಕ್ರೀಡಾ ಕೋಟಾದಲ್ಲಿ ಪೊಲೀಸ್ ಕೆಲಸಕ್ಕೆ ಅರ್ಜಿ ಹಾಕಬಹುದಿತ್ತು. ವಯಸ್ಸಿನ ಮಿತಿ ಮುಗಿಯುತ್ತಾ ಬಂದಿತ್ತು, ಅವನಿಗೆ ಅದೇ ಕೊನೆಯ ಅವಕಾಶ. ಖಾಕಿ ಬಣ್ಣದ ಯಾವ ಪ್ಯಾಂಟು ಕಂಡರೂ ನಿಂತು ನೋಡುತ್ತಿದ್ದ.

ಪಂದ್ಯ ಹತ್ತಿರ ಬಂದಾಗ ಪ್ರಾಕ್ಟೀಸಿನಲ್ಲಿ ಒಂದು ಸಂಜೆ ಎದುರಾಳಿಯ ಕಾಲು ಹಿಡಿಯಲು ಬಿದ್ದ ಹುಲುಗಪ್ಪ ಏಳಲಿಲ್ಲ. ಬೀಳುವಾಗ ಒಂದು ಸದ್ದಾಯಿತು. ಹಸಿ ಕಬ್ಬು ಮುರಿದಂಥ ಸದ್ದು. ಎಡ ಮೊಣಕಾಲಿನ ಲಿಗಮೆಂಟು ಹರಿದಿದೆ, ಈ ವರ್ಷ ಆಟದ ಮಾತೇ ಬೇಡ ಎಂದರು ಹೊಸಪೇಟೆಯ ಡಾಕ್ಟರು.

ಊರಿಗೆ ಹೋಗುವ ದಿನ ಅವನು ನಮ್ಮ ಕೋಚ್ ಸರ್ ಕೋಣೆಯ ಬಾಗಿಲ ಚೌಕಟ್ಟು ಹಿಡಿದು ಒಂಟಿ ಕಾಲಲ್ಲಿ ನಿಂತಿದ್ದ. "ಹೆಸರು ಕಳಿಸೋ ತನಕ ನನ್ನ ಜಾಗದಾಗ ಯಾರನ್ನೂ ನಿಂದರಸಬ್ಯಾಡ್ರಿ ಸರ. ನಾ ಬರ್ತೀನಿ," ಅಂದ.

ಸರ್‌ಗೆ ಇಲ್ಲ ಅನ್ನಲಾಗಲಿಲ್ಲ. ಅಂದಿನಿಂದ ಏಳರ ಬದಲು ನಾವು ಆರೇ ಜನ ನಿಲ್ಲತೊಡಗಿದೆವು. ಎಡಮೂಲೆ ಖಾಲಿ. ನನ್ನ ಎಡಗೈ ಸುಮ್ಮನೆ ನೇತಾಡುತ್ತಿತ್ತು. ಅದನ್ನು ಎಲ್ಲಿಟ್ಟುಕೊಳ್ಳಬೇಕೆಂದೇ ತಿಳಿಯುತ್ತಿರಲಿಲ್ಲ.

ಪ್ರಾಕ್ಟೀಸಿನಲ್ಲಿ ನಮ್ಮ ಎದುರು ರೇಡ್ ಮಾಡುತ್ತಿದ್ದವನು ಪಂಪಾಪತಿ, ಯಶವಂತನಗರದ ಅದಿರು ಲಾರಿ ಡ್ರೈವರ್ ಒಬ್ಬರ ಮಗ. ಬಾಯಿ ಸುಮ್ಮನಿರುತ್ತಿರಲಿಲ್ಲ. "ಬಸ್ಸಿನ ಸೀಟಿಗೆ ಟವೆಲ್ ಒಗದಂಗ ಒಗದು ಹೋಗ್ಯಾನಲೇ ಹುಲುಗ್ಯಾ. ಯಾರರ ಬಂದು ಟವೆಲ್ ಮ್ಯಾಲೇ ಕುಂತಾರು, ನೋಡ್ಕೊ," ಅಂತ ನನ್ನನ್ನು ಕಾಡುತ್ತಿದ್ದ. ಎಲ್ಲರೂ ನಗುತ್ತಿದ್ದೆವು.

ಪಂದ್ಯಕ್ಕೆ ತಂಡದ ಹೆಸರು ಕಳಿಸುವ ಹಿಂದಿನ ರಾತ್ರಿ ಅದು. ಹುಲುಗಪ್ಪನ ಫೋನು ಬಂದಿರಲಿಲ್ಲ. ಬರುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ ಅಷ್ಟೆ.

ಪಂಪಾಪತಿ ನಡುಗೆರೆ ದಾಟಿ ಒಳಗೆ ಬಂದ. ಕಬಡ್ಡಿ ಕಬಡ್ಡಿ ಕಬಡ್ಡಿ...

ಕರೆಂಟ್ ಹೋಯಿತು.

ಫ್ಲಡ್‌ಲೈಟ್ ಹೋದಾಗಿನ ಕತ್ತಲು ಮಾಮೂಲಿ ಕತ್ತಲಲ್ಲ. ಕಣ್ಣಿಗೆ ಕಪ್ಪು ಬಟ್ಟೆ ಕಟ್ಟಿದಂತೆ. ಜನರೇಟರ್ ಹಚ್ಚಲು ಹೋಗಿದ್ದಾರೆ, ಯಾರೂ ಅಲ್ಲಾಡಬೇಡಿ, ಕಾಲು ಗೀಲು ಮುರಿದುಕೊಂಡೀರಿ ಎಂದು ಸರ್ ಆಚೆಯಿಂದ ಕೂಗಿದರು. ನಾವು ನಿಂತಲ್ಲೇ ನಿಂತೆವು. ಆದರೆ ಪಂಪಾಪತಿ ಉಸಿರು ಬಿಡಲಿಲ್ಲ. ಹಠಕ್ಕೋ ತಮಾಷೆಗೋ ಗೊತ್ತಿಲ್ಲ, ಕತ್ತಲಲ್ಲೇ ಅವನ ದನಿ ಅತ್ತಿಂದಿತ್ತ ಸರಿಯುತ್ತಿತ್ತು. ಕಬಡ್ಡಿ ಕಬಡ್ಡಿ...

ಆಗ ನನ್ನ ಎಡಗೈಯೊಳಗೆ ಒಂದು ಕೈ ಬಂತು.

ಒರಟು ಅಂಗೈ. ನಡುವಿನ ಎರಡು ಬೆರಳಿಗೆ ಹುಲುಗಪ್ಪ ಸುತ್ತಿಕೊಳ್ಳುತ್ತಿದ್ದಂಥದೇ ಬಟ್ಟೆಯ ಟೇಪು. ಅದರ ಅಂಚು ಬಿಚ್ಚಿಕೊಂಡು ನನ್ನ ಚರ್ಮಕ್ಕೆ ತಾಗುತ್ತಿತ್ತು. ನೋವಿನ ಮುಲಾಮಿನ ಘಾಟು... ಅದರ ಕೆಳಗೆ ನೀರು ನಿಂತ ಗದ್ದೆಯ ಕೆಸರಿನ ವಾಸನೆ.

ನನಗೆ ಹೆದರಿಕೆ ಆಗಲಿಲ್ಲ. ಖುಷಿಯಾಯಿತು. ಅದನ್ನು ನೆನೆದಾಗಲೇ ಈಗ ಹೆಚ್ಚು ಹೆದರಿಕೆ. ಬಂದೇಬಿಟ್ಟನಲ್ಲ ಎಂದುಕೊಂಡು ಪಿಸುಗುಟ್ಟಿದೆ, "ಯಾವಾಗ ಬಂದ್ಯಲೇ?"

ಕೈ ಒಮ್ಮೆ ಒತ್ತಿತು.

ತಡಿ.

ಪಂಪಾಪತಿಯ ದನಿ ಎಡಕ್ಕೆ ಬಂತು. ಇನ್ನೂ ಹತ್ತಿರ. ಅವನ ಬೆವರಿನ ವಾಸನೆ ಮೂಗಿಗೆ ಬಡಿಯಿತು. ಕೈ ಒತ್ತಿತು... ಮತ್ತೊಮ್ಮೆ ಒತ್ತಿತು. ನನ್ನ ತೋಳು ಭುಜದಿಂದ ಕಿತ್ತುಬರುವ ಹಾಗೆ ಮುಂದಕ್ಕೆ ಎಳೆಯಿತು. ಮಣ್ಣಿನ ಮೇಲೆ ಒಂದು ಮೈ ದೊಪ್ಪನೆ ಬಿತ್ತು. ಅದರೊಳಗೇ ಆ ಸದ್ದು. ಹಸಿ ಕಬ್ಬು ಮುರಿದ ಸದ್ದು.

ಕಬಡ್ಡಿ ಕಬಡ್ಡಿ ನಿಂತುಹೋಯಿತು.

ಆಮೇಲೆ ನೆಲದ ಹತ್ತಿರದಿಂದ ಪಂಪಾಪತಿಯ ದನಿ, ಚಿಕ್ಕ ಮಕ್ಕಳು ಬೇಡಿಕೊಳ್ಳುವ ಹಾಗೆ. "ಬಿಡು ಹುಲುಗ್ಯಾ... ಸಾಕು. ಬಿಡೋ."

ಜನರೇಟರ್ ಗುರುಗುಟ್ಟಿತು. ಲೈಟು ಬಂತು.

ಪಂಪಾಪತಿ ಬೋರಲು ಬಿದ್ದಿದ್ದ. ಒಂದು ಕಾಲು ಹಿಂದಕ್ಕೆ, ಎಡಮೂಲೆಯ ಕಡೆಗೆ ನೆಟ್ಟಗೆ ಚಾಚಿತ್ತು. ಅದನ್ನು ಜಗ್ಗುತ್ತಿದ್ದ. ಅಲ್ಲಿ ಯಾರೂ ಇರಲಿಲ್ಲ. ಆದರೂ ಕಾಲು ಬರುತ್ತಿರಲಿಲ್ಲ. ಲೈಟು ಬಂದ ಮೇಲೂ, ನಾವೆಲ್ಲ ನೋಡುತ್ತಿದ್ದ ಹಾಗೆಯೇ, ಅವನು ಇನ್ನೆರಡು ಸಲ ಜಗ್ಗಿದ. ಆಮೇಲೆ ಒಮ್ಮೆಲೇ ಬಿಟ್ಟಿತು.

ನನ್ನ ಎಡಗೈ ಇನ್ನೂ ಚಾಚಿಕೊಂಡೇ ಇತ್ತು.

ಸರ್ ಬಂದು ಹಿಡಿದವರಾರು ಎಂದು ಕೇಳಿದರು. ಕರೆಂಟ್ ಹೋದಾಗಿನ ರೇಡು ಲೆಕ್ಕಕ್ಕಿಲ್ಲ, ಮತ್ತೆ ಮೊದಲಿಂದ ಆಡಿ ಎಂದರು. ಯಾರೂ ಆಡಲಿಲ್ಲ. ಹಾಸ್ಟೆಲಿಗೆ ಬಂದು ಹುಲುಗಪ್ಪನಿಗೆ ಫೋನ್ ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ರಾತ್ರಿಯಿಡೀ ಕೈಗೆ ಮುಲಾಮಿನ ವಾಸನೆ ಇತ್ತು ಎಂದು ನೆನಪು. ಅದು ನನ್ನದೇ ಮುಲಾಮಿರಬಹುದು. ನಾವೆಲ್ಲ ಹಚ್ಚುತ್ತಿದ್ದದ್ದು ಅದನ್ನೇ.

ಬೆಳಿಗ್ಗೆ ಪಂಪಾಪತಿಯೂ ನಾನೂ ಕಂಪ್ಲಿ ಬಸ್ ಹತ್ತಿ, ಅಲ್ಲಿಂದ ಆಟೋದಲ್ಲಿ ಮೆಟ್ರಿಗೆ ಹೋದೆವು. ದಾರಿಯುದ್ದಕ್ಕೂ ಅವನು ಒಂದು ಮಾತೂ ಆಡಲಿಲ್ಲ. ಅವನು ಸುಮ್ಮನೆ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಹುಲುಗಪ್ಪನ ತಾಯಿ ಕೂಲಿಗೆ ಹೋಗಿರಲಿಲ್ಲ. ಬಾಗಿಲಲ್ಲೇ ಕೂತಿದ್ದರು. ರಾತ್ರಿ ಕರೆಂಟ್ ಹೋಗಿತ್ತಂತೆ. ದೀಪ ಹಚ್ಚಲು ಬೆಂಕಿಪೊಟ್ಟಣ ಹುಡುಕುತ್ತಿದ್ದಾಗ ಸಪ್ಪಳ ಕೇಳಿತಂತೆ. ಬಂದು ನೋಡಿದರೆ ಮಗ ಹಗ್ಗದ ಹೊರಸಿನಿಂದ ಕೆಳಗೆ ಬೋರಲು ಬಿದ್ದಿದ್ದ, ಎರಡೂ ಕೈ ಮುಂದಕ್ಕೆ ಚಾಚಿ ಏನನ್ನೋ ಹಿಡಿದವನಂತೆ. ಬಿಡಿಸಲು ಹೋದರೆ ಅವನ ಕೈ ಬಿಚ್ಚಲಿಲ್ಲವಂತೆ. ಕರೆಂಟ್ ಬಂದ ಮೇಲೆ ತಾನೇ ಸಡಿಲಾಯಿತಂತೆ. ಹೊದಿಕೆ ಸರಿಸಿ ಕಾಲು ತೋರಿಸಿದರು. ಬಲ ಮೊಣಕಾಲು ಕುಂಬಳಕಾಯಿಯಂತೆ ಊದಿತ್ತು.

"ಚಲೋ ಇದ್ದ ಕಾಲಪ್ಪಾ ಇದು," ಅಂದರು.

ಹುಲುಗಪ್ಪ ನಮ್ಮ ದನಿಗೆ ಕಣ್ಣು ತೆರೆದ. ನನ್ನನ್ನು ನೋಡಲಿಲ್ಲ. ಪಂಪಾಪತಿಯನ್ನೇ ನೋಡಿದ. ನಾವು ಆ ಮನೆಯಲ್ಲಿ ರಾತ್ರಿಯ ಸಂಗತಿ ಇನ್ನೂ ಯಾರಿಗೂ ಹೇಳಿರಲಿಲ್ಲ.

"ಪಾಯಿಂಟ್ ಬಂತಾ?" ಅಂದ.

ಪಂಪಾಪತಿ ಬಾಗಿಲ ಕಡೆ ಒಂದು ಹೆಜ್ಜೆ ಹಿಂದೆ ಸರಿದ. "ಕರೆಂಟ್ ಹೋಗಿತ್ತಲೋ," ಅಂದ. "ಸರ್ ಲೆಕ್ಕಕ್ಕ ತಗೊಳ್ಳಲಿಲ್ಲ."

ಹುಲುಗಪ್ಪ ಗೋಡೆಯ ಕಡೆ ತಿರುಗಿದ. ನಾವು ಏಳುವವರೆಗೂ ಈ ಕಡೆ ತಿರುಗಲಿಲ್ಲ. ಅವತ್ತೇ ಮಧ್ಯಾಹ್ನ ಅವನ ಬದಲು ಬೇರೆಯವನ ಹೆಸರು ಹೋಯಿತು.

ಇದಕ್ಕೆಲ್ಲ ವಿವರಣೆ ಕೊಡಬಲ್ಲೆ. ಒಂದು ಕಾಲಿಗೆ ಪೆಟ್ಟಾದವನು ಭಾರವನ್ನೆಲ್ಲ ಇನ್ನೊಂದರ ಮೇಲೆ ಹಾಕುತ್ತಾನೆ, ಅದೂ ಕೆಡುತ್ತದೆ. ಇಡೀ ಭಾಗಕ್ಕೆ ಒಟ್ಟಿಗೇ ಕರೆಂಟ್ ಹೋಗುವುದು ನಮ್ಮಲ್ಲಿ ಹೊಸದಲ್ಲ. ಎರಡು ವರ್ಷ ಹಿಡಿದ ಕೈಯನ್ನು ಕತ್ತಲಲ್ಲಿ ಮೆದುಳೇ ಕಟ್ಟಿಕೊಟ್ಟಿರಬಹುದು. ಇವನ್ನೆಲ್ಲ ಒಂದರ ಮೇಲೊಂದು ಪೇರಿಸಿ ಬಹಳ ದಿನ ನೆಮ್ಮದಿಯಾಗಿದ್ದೆ.

ಮೊನ್ನೆ ಪಂಪಾಪತಿ ಹೊಸಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ. ಈಗ ಅವನೂ ಅದಿರು ಲಾರಿ ಓಡಿಸುತ್ತಾನೆ. ಆ ರಾತ್ರಿಯ ಮಾತೆತ್ತಿದೆ. ಕಾಲು ಜಾರಿ ಬಿದ್ದೆ, ಯಾರ ಹೆಸರನ್ನೂ ಕರೆಯಲಿಲ್ಲ ಎಂದ. ಮೆಟ್ರಿಯಲ್ಲಿ ಹುಲುಗಪ್ಪ ಕೇಳಿದ್ದು ಪಾಯಿಂಟಲ್ಲ, ನೀರು ಎಂದ. ನಾನು ಬಿಡದೆ ಕೆದಕಿದಾಗ ಟೀ ಲೋಟ ಕೆಳಗಿಟ್ಟು ನನ್ನ ಮುಖ ನೋಡಿದ.

"ನೀ ಅವಾಗ ಅಂಗಳದಾಗ ಎಲ್ಲಿದ್ದಿಲೇ? ಔಟ್ ಆಗಿ ಗೆರಿ ಹೊರಗ ಕುಂತಿದ್ದಿ. ಕತ್ತಲಾಗ ಯಾರ ಕೈ ಹಿಡ್ಕೊಂಡಿದ್ದಿ ನೀ?"

ಅವನು ತಮಾಷೆ ಮಾಡುತ್ತಿರಲಿಲ್ಲ. ಅಲ್ಲಿಂದ ಸೀದಾ ಮೆಟ್ರಿಗೆ ಹೋದೆ. ಹುಲುಗಪ್ಪನನ್ನೇ ಕೇಳಿಬಿಡೋಣ ಎಂದುಕೊಂಡೆ.

ಅವನು ಈಗ ಎರಡು ಕೋಲು ಹಿಡಿದು ಬಾಗಿಲ ತನಕ ಬರುತ್ತಾನೆ, ಅಷ್ಟೆ. ಕೇಳಿದ್ದಕ್ಕೆ ಹೂಂ, ಉಹೂಂ. ಆ ರಾತ್ರಿಯ ಬಗ್ಗೆ ಕೇಳಿದೆ. ಯಾವ ರಾತ್ರಿ ಎಂದ. ಅಷ್ಟರಲ್ಲಿ ಹೊತ್ತು ಮುಳುಗಿತು. ಮಾತಿನ ನಡುವೆಯೇ, ಹೊರಸಿನ ಮೇಲೆ ಮಲಗಿದ್ದ ಅವನ ಕಣ್ಣು ಮುಚ್ಚಿದವು. ಬಲಗೈ ಹೊರಸಿನ ಅಂಚು ದಾಟಿ ಹೊರಗೆ ಬಂತು. ದಿನವೂ ಈ ಹೊತ್ತಿಗೆ ಹೀಗೇ ಆಗುತ್ತದೆ, ಏನೂ ಮಾಡಬೇಡ ಎಂದು ತಾಯಿ ಒಳಗಿನಿಂದ ಹೇಳಿದರು. ಒಲೆಯ ಮುಂದಿದ್ದರು, ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು.

ಅವನ ಬೆರಳುಗಳು ಮಡಚಿಕೊಂಡವು. ಪೂರ್ತಿ ಮುಚ್ಚಲಿಲ್ಲ. ಒಳಗೆ ಒಂದು ಕೈ ಹಿಡಿಸುವಷ್ಟು ಬಿಟ್ಟು ನಿಂತವು. ಸ್ನಾಯು ಸೆಳೆತ ಎಂದುಕೊಂಡೆ. ನನ್ನ ಎಡಗೈಯನ್ನು ಮೆಲ್ಲಗೆ ಆ ಹಿಡಿಯೊಳಗೆ ಇಡಲು ನೋಡಿದೆ... ಕೈ ಒಳಗೆ ಹೋಗಲಿಲ್ಲ. ಕಣ್ಣಿಗೆ ಖಾಲಿ ಕಾಣುತ್ತಿತ್ತು. ಬೆರಳ ತುದಿಗೆ ಬೆಚ್ಚಗೆ ಏನೋ ತಾಗಿತು. ಜಾಗ ಇರಲಿಲ್ಲ.

ಕೈ ಹಿಂದಕ್ಕೆಳೆದುಕೊಂಡು ಕೂತೆ. ಎಷ್ಟು ಹೊತ್ತು ಕೂತಿದ್ದೆನೋ. ತಾಯಿ ತಟ್ಟೆ ಹಿಡಿದು ಬಂದರು. ಒಳಬಾಗಿಲಲ್ಲಿ ನಿಂತು, ಹೊರಸಿನ ಕಡೆ ನೋಡಿ, ದಣಿದ ದನಿಯಲ್ಲಿ ಹೇಳಿದರು.

"ಇನ್ನ ಅವನ ಕೈ ಬಿಡು ತಮ್ಮಾ. ಉಣ್ಣಾಕ ಎಬ್ಬಸ್ತೀನಿ."

ನನ್ನ ಎರಡೂ ಕೈ ನನ್ನ ತೊಡೆಯ ಮೇಲಿದ್ದವು.